ಹಸಿರು ರಿಬ್ಬನ್ನಿನ ಕೀ

ತೀರಿಹೋದ ಪಂಚಾಕ್ಷರಿಯವರ ಶಿವಗಣಾರಾಧನೆ ಮುಗಿದ ನಾಲ್ಕನೆಯ ದಿನ, ಬೆಳಗ್ಗೆ ಹತ್ತೂವರೆಗೆ, ಪಂಕಜಾ ಬಂದು ಗೂಳಪ್ಪನ ಪೆಟ್ಟಿಗೆಯ ಮುಂದೆ ನಿಂತಳು.

ಗೂಳಪ್ಪ ಬೀಗ ರಿಪೇರಿ ಮಾಡುವವನು. ಚಂದ್ರಾ ಲೇಔಟಿನ ಹೊಂಗೆ ಮರದ ಕೆಳಗೆ ಒಂದು ಕಬ್ಬಿಣದ ಪೆಟ್ಟಿಗೆ, ಒಂದು ಕೀ ಕೊರೆಯುವ ಮಿಷನ್ನು, ನಾಲ್ಕಾರು ಅರಗಳು, ಇಷ್ಟೇ ಅವನ ಅಂಗಡಿ. ಪಂಕಜಾ ಎರಡು ಬೀದಿ ಆಚೆ ಮಗಳು ಸುಮಾಳ ಜೊತೆ ಬಾಡಿಗೆ ಮನೆಯಲ್ಲಿದ್ದಳು. ನಾಗರಬಾವಿಯ ಒಂದು ಮೆಡಿಕಲ್ ಸ್ಟೋರಿನಲ್ಲಿ ಬಿಲ್ ಹಾಕುವ ಕೆಲಸ.

"ಅಣ್ಣಾ, ಪಂಚಾಕ್ಷರಿ ಅಂಕಲ್ ಹತ್ರ ನಮ್ಮನೆ ಕೀ ಒಂದಿತ್ತು. ಸುಮಾ ಜಡೆ ರಿಬ್ಬನ್ ಕಟ್ಟಿದ್ವಲ್ಲ, ಹಸಿರುದು. ಆಂಟೀನ ಕೇಳಿ ಇಸ್ಕೊಂಡು ಬರ್ತೀರಾ? ಈ ಟೈಮಲ್ಲಿ ನಾನೇ ಹೋಗಿ ಕೇಳೋಕೆ ಒಂಥರಾ ಆಗುತ್ತೆ."

ಗೂಳಪ್ಪನ ಕೈಯಲ್ಲಿದ್ದ ಅರ ಹಾಗೇ ನಿಂತಿತು. ಹಸಿರು ರಿಬ್ಬನ್ನು ಅವನಿಗೆ ನೆನಪಿತ್ತು. ನಾಲ್ಕು ದಿನದ ಹಿಂದೆ ಅದನ್ನು ತಾನೇ ಯಾವುದೋ ಬೀಗಕ್ಕೆ ಗಂಟು ಹಾಕಿದ್ದ. ಯಾವ ಬೀಗಕ್ಕೆ, ಅದನ್ನು ಯಾರು ತಗೊಂಡು ಹೋದರು, ಅದು ನೆನಪಿರಲಿಲ್ಲ. ತರ್ತೀನಿ ಅಂದ. ಅವಳು ಬಸ್ ಸ್ಟಾಪಿನ ಕಡೆ ಹೋದಳು.

ಪಂಚಾಕ್ಷರಿ ಹರಿಹರದ ಕಡೆಯವರು. ಮೂವತ್ತೈದು ವರ್ಷ ವಿಜಯನಗರ, ಬಾಪೂಜಿ ನಗರ, ಮೈಸೂರು ರಸ್ತೆಯ ಓಣಿಗಳಲ್ಲಿ ಮನೆ ಮನೆಗೆ ಹೋಗಿ ಕರೆಂಟಿನ ಮೀಟರ್ ಓದಿದವರು. ಯಾರ ಮನೆಯ ಮೀಟರ್ ಮೆಟ್ಟಿಲ ಕೆಳಗಿದೆ, ಯಾರ ಮನೆಯ ನಾಯಿ ಕಚ್ಚುತ್ತದೆ, ಯಾರ ಮಗಳಿಗೆ ಎಲ್ಲಿ ಸಂಬಂಧ ನೋಡುತ್ತಿದ್ದಾರೆ, ಎಲ್ಲ ಅವರ ಬಾಯಲ್ಲಿತ್ತು. ಹಾಲು ತರಲು ಹೋದರೆ ಬರುವುದು ಒಂದು ಗಂಟೆ ಬಿಟ್ಟು. ಅಷ್ಟರಲ್ಲಿ ಹಾಲು ಒಡೆದಿರುತ್ತದೆ ಎಂದು ಹೆಂಡತಿ ಶಿವಕ್ಕ ಬೈಯುತ್ತಿದ್ದರು.

ರಿಟೈರ್ ಆದ ಮೇಲೆ ಅವರ ಜಾಗ ಗೂಳಪ್ಪನ ಪೆಟ್ಟಿಗೆ ಪಕ್ಕದಲ್ಲಿ ಬೋರಲು ಹಾಕಿದ ಬಣ್ಣದ ಡಬ್ಬ. ಅಲ್ಲಿ ಕೂತು, ಗುರುತಿಲ್ಲದ ಯಾರೇ ಬೀದಿಗೆ ತಿರುಗಿದರೂ ಕೇಳುತ್ತಿದ್ದರು: "ಏನಪ್ಪಾ, ಯಾರ್ ಮನೆಗೆ?" ಕೊರಿಯರ್ ಹುಡುಗ ಇರಲಿ, ಮನೆ ನೋಡಲು ಬಂದ ಗಂಡ ಹೆಂಡತಿ ಇರಲಿ, ಉತ್ತರ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಹೇಳಿದವರಿಗೆ ದಾರಿ ತೋರಿಸಿ, ಊರು ಕೇಳಿ, ಆ ಊರಿನಲ್ಲಿ ತನಗೆ ಗೊತ್ತಿರುವ ಒಬ್ಬರ ಹೆಸರು ಹೇಳಿ, ಕೊನೆಗೆ ಚೀಲದಿಂದ ಒಂದು ಬೀಗ ತೆಗೆದು ತೋರಿಸುತ್ತಿದ್ದರು.

ಬೀಗ ಕೂಡಿಡುವುದು ಅವರ ಹುಚ್ಚು. ಮೀಟರ್ ಓದಲು ಹೋದಾಗ ಬಾಗಿಲು ಹಾಕಿದ ಮನೆಗಳ ಮುಂದೆ ನಿಂತು ನಿಂತು ಅದು ಹತ್ತಿತಂತೆ. ರಾಜಾಜಿನಗರದ ಹಳೆಯ ಮನೆಗಳನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟತೊಡಗಿದಾಗ ಇವರು ಇಟ್ಟಿಗೆ ರಾಶಿಯಲ್ಲಿ ಕೈಹಾಕಿ ಬೀಗ ಹುಡುಕುತ್ತಿದ್ದರು. ಟ್ರಂಕಿನ ಬೀಗ, ತಿರುಪಿನ ಬೀಗ, ದಿನಸಿ ಅಂಗಡಿಯ ಮೂರು ಸೇರಿನ ಬೀಗ, ಬಾಲವೇ ಕೊಂಡಿಯಾಗಿದ್ದ ಹಿತ್ತಾಳೆಯ ಆನೆ ಬೀಗ. ನಾನೂರರ ಹತ್ತಿರ ಇದ್ದವು. ಮನೆಯ ಮೇಲಿನ ಕೋಣೆಯಲ್ಲಿ ಬೀಗಗಳು ಒಂದು ಗೋಡೆಗೆ, ಕೀಗಳು ಇನ್ನೊಂದು ಗೋಡೆಯ ಹಲಗೆಗೆ. ಚೀಟಿ ಇಲ್ಲ, ನಂಬರಿಲ್ಲ. ಎಲ್ಲ ಅವರ ತಲೆಯಲ್ಲಿ.

ಕೀ ಕಳೆದ ಬೀಗಗಳಿಗೆ ಕೀ ಮಾಡಿಕೊಟ್ಟವನು ಗೂಳಪ್ಪ. ತಾನು ಮಾಡಿದ ಕೀಯ ತಲೆಯ ಮೇಲೆ ಅರದಿಂದ ಎರಡು ಗೀರು ಹಾಕುತ್ತಿದ್ದ, ಅದು ಅವನ ಗುರುತು. ಪಂಚಾಕ್ಷರಿ ಅದನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದರು. ಎರಡು ಗೀರು ಇದ್ದರೆ ನಮ್ಮ ಗೂಳಪ್ಪಂದು, ಕಣ್ಣು ಮುಚ್ಚಿ ತಗೊಳ್ಳಿ ಅಂತ.

ಇಬ್ಬರ ಗೆಳೆತನ ಶುರುವಾದದ್ದು ಒಂದು ಪೊಲೀಸ್ ಠಾಣೆಯ ಬೆಂಚಿನಲ್ಲಿ. ಗೂಳಪ್ಪ ಲಿಂಗಸೂಗೂರಿನಿಂದ ಬಂದ ಹೊಸತು. ಹತ್ತಿರದ ಮನೆಯೊಂದರಲ್ಲಿ ಬೀಗ ತೆಗೆದು ಕಳ್ಳತನವಾಯಿತು. ಇಂಥದ್ದಾದರೆ ಮೊದಲು ಎಳೆದುಕೊಂಡು ಹೋಗುವುದು ಕೀ ಮಾಡುವವನನ್ನೇ. ಎರಡು ದಿನ ಕೂರಿಸಿದರು. ಮೂರನೇ ಇಯತ್ತೆಗೆ ಶಾಲೆ ಬಿಟ್ಟವನು, ಮಾತು ಮೊದಲೇ ಕಮ್ಮಿ. ಕೇಳಿದ್ದಕ್ಕೆಲ್ಲ ಸುಮ್ಮನಿದ್ದ. ಸುಮ್ಮನಿದ್ದದ್ದಕ್ಕೇ ಅನುಮಾನ ಜಾಸ್ತಿಯಾಯಿತು. ಯಾರದೋ ಕೆಲಸಕ್ಕೆ ಬಂದಿದ್ದ ಪಂಚಾಕ್ಷರಿ ಇವನನ್ನು ನೋಡಿ, ಪಕ್ಕದಲ್ಲಿ ಕೂತು, ಊರು ಕೇಳಿ, ಒಳಗೆ ಹೋಗಿ ಒಂದು ತಾಸು ಮಾತಾಡಿ ಬಿಡಿಸಿಕೊಂಡು ಬಂದರು. ಇಪ್ಪತ್ತೆರಡು ವರ್ಷವಾದರೂ ಖಾಕಿ ಕಂಡರೆ ಗೂಳಪ್ಪನ ಬಾಯಿ ಒಣಗುತ್ತಿತ್ತು. ಪಂಚಾಕ್ಷರಿ ಇದ್ದಾರಲ್ಲ ಎಂದು ಧೈರ್ಯ ತಂದುಕೊಳ್ಳುತ್ತಿದ್ದ.

ಈಗ ಅವರಿರಲಿಲ್ಲ. ಹದಿನೈದು ದಿನದ ಹಿಂದೆ ಎದುರಿನ ದರ್ಶಿನಿಯಿಂದ ಬೈ ಟು ಕಾಫಿ ತಂದರು. ಒಂದು ಲೋಟ ಗೂಳಪ್ಪನಿಗೆ ಕೊಟ್ಟರು. ಇನ್ನೊಂದು ಲೋಟ ಹಿಡಿದು ಡಬ್ಬದ ಮೇಲೆ ಕೂತವರು ಹಾಗೇ ಮರಕ್ಕೆ ಒರಗಿದರು. ಏನೋ ಹೇಳಲು ಶುರು ಮಾಡಿದ್ದರು. ಅದು ಏನು ಅಂತ ಗೂಳಪ್ಪನಿಗೆ ಕಡೆಗೂ ಗೊತ್ತಾಗಲಿಲ್ಲ.

ಶಿವಗಣಾರಾಧನೆಯ ದಿನ ಮನೆ ಮುಂದಿನ ಶಾಮಿಯಾನ ಸಾಲಲಿಲ್ಲ. ಗೋಧಿ ಹುಗ್ಗಿ ಎರಡು ಸಲ ಮಾಡಿಸಿದರು. ಪಂಚಾಕ್ಷರಿಯವರ ಮಗಳು ಅನಘಾ, ಅಪ್ಪನ ಬೀಗಗಳನ್ನು ಗುಜರಿಗೆ ಹಾಕುವುದು ಬೇಡ, ಬಂದ ಗೆಳೆಯರಿಗೆಲ್ಲ ಒಂದೊಂದು ನೆನಪಿಗೆ ಕೊಡೋಣ ಎಂದಳು. ಚಾಪೆಯ ಮೇಲೆ ಬೀಗ ಹರಡಿದರು. ಜೊತೆಗೆ ಕೀ ಹೊಂದಿಸಲು ಗೂಳಪ್ಪನನ್ನು ಕೂರಿಸಿದರು.

ಗೂಳಪ್ಪನಿಗೆ ಕೆಲಸ ಕಲಿಸಿದ ಸೋದರಮಾವ ಒಂದು ಮಾತು ಹೇಳಿಟ್ಟಿದ್ದ: ಕೀಲಿಕೈ ಇಲ್ಲದ ಕೀಲಿಯನ್ನು ಯಾರ ಕೈಗೂ ಕೊಡಬೇಡ, ಕೊಟ್ಟ ಮನೆಯ ಬಾಗಿಲು ಮುಚ್ಚುತ್ತದೆ. ಊರ ಕಡೆ ಬೀಗಕ್ಕೆ ಕೀಲಿ ಎನ್ನುತ್ತಾರೆ. ಸತ್ತ ಮನೆಯಿಂದ ನೂರಾರು ಬೀಗ ಹೊರಗೆ ಹೋಗುತ್ತಿವೆ, ಒಂದಾದರೂ ಬರಿಗೊಂಡಿಯಲ್ಲಿ ಹೋಗಬಾರದು ಎಂದು ಅವನು ಹಟ ಹಿಡಿದ. ಸರಿಯಾದ ಕೀ ಸಿಕ್ಕಿದ್ದಕ್ಕೆ ಅದನ್ನು ಕಟ್ಟಿದ. ಸಿಗದಿದ್ದಕ್ಕೆ ಹಲಗೆಯ ಮೇಲಿಂದ ಕೈಗೆ ಬಂದದ್ದನ್ನು ಕಟ್ಟಿದ, ಲೆಕ್ಕಕ್ಕೊಂದು ಇರಲಿ ಅಂತ. ಕನ್ನಡಕ ಪೆಟ್ಟಿಗೆಯಲ್ಲೇ ಉಳಿದಿತ್ತು. ಕಣ್ಣು ಬೇರೆ ಪದೇ ಪದೇ ತುಂಬಿಕೊಳ್ಳುತ್ತಿತ್ತು. ಹಲಗೆಯ ಮೇಲೆ ಇರುವುದೆಲ್ಲ ಹಳೆಯ ಕೀ ಎಂದೇ ಅವನ ನಂಬಿಕೆ.

ಪಂಕಜಾ ಹೋದ ಮೇಲೆ ಗೂಳಪ್ಪ ಪೆಟ್ಟಿಗೆ ಮುಚ್ಚಿ ಶಿವಕ್ಕನ ಮನೆಗೆ ನಡೆದ. ಪಂಕಜಾಳ ಹೆಸರು ಹೇಳಿದ ಕೂಡಲೇ ಶಿವಕ್ಕ ಎದ್ದು ಬಾಗಿಲು ಹಾಕಿ ಬಂದರು. ಅವರು ಹೇಳಿದ್ದನ್ನು ಕೇಳುತ್ತ ಗೂಳಪ್ಪ ನಿಂತಲ್ಲೇ ನಿಂತ.

ಪಂಕಜಾಳ ಗಂಡ ಗೋಪೀನಾಥನಿಗೆ ಬಾಪೂಜಿ ನಗರದಲ್ಲಿ ಕಾರಿನ ಸೀಟ್ ಕವರ್ ಅಂಗಡಿ. ಮೀಟರ್ ಓದಲು ಅಲ್ಲೇ ಇದ್ದ ಅವರ ಮನೆಗೆ ಹೋದಾಗಲೆಲ್ಲ ಪಂಚಾಕ್ಷರಿಗೆ ಒಳಗಿನ ಸದ್ದು ಕೇಳಿಸುತ್ತಿತ್ತು. ಒಂದು ಸಲ ಅವಳ ಕೈ ಮುರಿದಿತ್ತು. ಎರಡು ವರ್ಷದ ಹಿಂದೆ ಅವಳು ಮಗಳನ್ನು ಕರೆದುಕೊಂಡು ಹೊರಟುಬಂದಾಗ ಇಲ್ಲಿ ಮನೆ ಹುಡುಕಿಕೊಟ್ಟವರು ಇವರೇ. ಆಮೇಲೂ ತಿಂಗಳಿಗೊಂದು ಸಲ ಗೋಪೀನಾಥನ ಅಂಗಡಿಗೆ ಹೋಗಿ ಟೀ ಕುಡಿದು ಬರುತ್ತಿದ್ದರು. ಅಂಥವನ ಹತ್ತಿರ ಏನು ಮಾತು ಎಂದು ಶಿವಕ್ಕ ಜಗಳ ಆಡಿದ್ದರು. "ಅವನು ಎಲ್ಲಿ ಹುಡುಕ್ತಾ ಇದಾನೆ ಅಂತ ನಂಗೆ ಗೊತ್ತಾಗ್ಬೇಕಲ್ಲ ಕಣೇ" ಅಂದಿದ್ದರಂತೆ. ಪಂಕಜಾಳ ಕೀಯನ್ನು ಅಡುಗೆಮನೆಯ ಮೊಳೆಗೆ ಹಾಕದೆ, ಯಾರ ಕಣ್ಣಿಗೂ ಬೀಳದಿರಲಿ ಎಂದು ನಾನೂರು ಹಳೆಯ ಕೀಗಳ ನಡುವೆ ನೇತುಹಾಕಿದ್ದರು.

ಊರಿನ ಸುದ್ದಿಯೆಲ್ಲ ಊರಿಗೆ ಹಂಚುತ್ತಿದ್ದ ಮನುಷ್ಯ ಇದೊಂದನ್ನು ಪಕ್ಕದಲ್ಲಿ ಕೂತ ಗೂಳಪ್ಪನಿಗೂ ಹೇಳಿರಲಿಲ್ಲ. ಎರಡು ವರ್ಷದ ಹಿಂದೆ ಪಂಕಜಾ, ಸುಮಾ, ಪಂಚಾಕ್ಷರಿ ಮೂವರೂ ಬಂದು ಹೊಸ ಮನೆಗೆ ಮೂರು ಕೀ ಮಾಡಿಸಿದ್ದು, ಸುಮಾ ಜಡೆಯ ರಿಬ್ಬನ್ ಕತ್ತರಿಸಿ ಒಂದಕ್ಕೆ ಕಟ್ಟಿದ್ದು, ಅಷ್ಟು ಅವನಿಗೆ ಗೊತ್ತಿತ್ತು.

"ಅವನೂ ಊಟಕ್ಕೆ ಬಂದಿದ್ದ ಕಣಪ್ಪಾ ಆವತ್ತು" ಎಂದರು ಶಿವಕ್ಕ. "ಶಿವಗಣಾರಾಧನೆಗೆ ಬಂದೋರನ್ನ ಹೋಗು ಅನ್ನೋಕಾಗುತ್ತಾ? ಪಂಕಜಾಗೆ ಬೆಳಗ್ಗೇನೇ ಬಂದು ಹೋಗಮ್ಮ ಅಂದಿದ್ದೆ, ಬಂದು ಹೋಗಿದ್ಲು."

ಗೂಳಪ್ಪನಿಗೆ ಓದು ಬರದು, ಫೋಟೋ ನೋಡಲು ಬರುತ್ತಿತ್ತು. ಬೀಗ ತಗೊಂಡವರೆಲ್ಲರ ಫೋಟೋ ತೆಗೆದು ಅನಘಾ ವಾಟ್ಸಾಪಿನಲ್ಲಿ ಹಾಕಿದ್ದಳು. ಕನ್ನಡಕ ಹಾಕಿಕೊಂಡು ಒಂದೊಂದೇ ಸರಿಸಿದ. ಎಷ್ಟೋ ಮುಖಗಳಾದ ಮೇಲೆ ಬಿಳಿ ಅಂಗಿಯ ಗಟ್ಟಿ ಆಳು ಒಬ್ಬ ಕಂಡ. ಕೈಯಲ್ಲಿ ಆನೆ ಬೀಗ. ಆನೆಯ ಸೊಂಡಿಲಿನಿಂದ ಹಸಿರು ರಿಬ್ಬನ್ ಇಳಿಬಿದ್ದಿತ್ತು. ಇವರು ಯಾರು ಎಂದು ಕೇಳುವ ಮೊದಲೇ ಶಿವಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಆಗಲೇ ಪಂಕಜಾಳ ಹತ್ತಿರ ಓಡಬೇಕಿತ್ತು. ಗೂಳಪ್ಪ ಓಡಲಿಲ್ಲ. ಕೀ ಮಾಡುವವನೇ ಮನೆಯ ಕೀಯನ್ನು ಯಾರಿಗೋ ಕಟ್ಟಿಕೊಟ್ಟ ಎಂದು ಸುದ್ದಿಯಾದರೆ ಈ ಬೀದಿಯಲ್ಲಿ ಇನ್ನು ಯಾರು ಅವನ ಕೈಗೆ ಬೀಗ ಕೊಡುತ್ತಾರೆ? ಹೋಗಿ ಇಸ್ಕೊಂಡು ಬಂದರೆ ಯಾರಿಗೂ ತಿಳಿಯುವುದಿಲ್ಲ. ಗೋಪೀನಾಥನಿಗೆ ಅದು ಯಾವ ಕೀ ಎಂದು ಏನು ಗೊತ್ತು? ಹೀಗೆ ತನಗೆ ತಾನೇ ಹೇಳಿಕೊಂಡು ಮೊಪೆಡ್ ಹತ್ತಿ ಬಾಪೂಜಿ ನಗರಕ್ಕೆ ಹೋದ.

ಗೋಪೀನಾಥ ಕೋಪದ ಮನುಷ್ಯನ ಹಾಗೆ ಕಾಣಲಿಲ್ಲ. ಸ್ಟೂಲು ಕೊಟ್ಟ, ಟೀ ತರಿಸಿದ. ಪಂಚಾಕ್ಷರಿಯವರ ನೆನಪು ಮಾಡಿಕೊಂಡು ಬೇಜಾರು ಮಾಡಿಕೊಂಡ. ಆನೆ ಬೀಗ ಮೇಜಿನ ಮೇಲೇ ಇತ್ತು, ಬಿಲ್ಲುಗಳು ಹಾರದ ಹಾಗೆ. ಅದರ ಮೇಲೆ ಹಸಿರು ರಿಬ್ಬನ್ ಇರಲಿಲ್ಲ.

ಅದಕ್ಕೆ ತಪ್ಪು ಕೀ ಕಟ್ಟಿಬಿಟ್ಟಿದ್ದೇನೆ, ಬದಲಾಯಿಸಿ ಕೊಡುತ್ತೇನೆ ಎಂದು ಗೂಳಪ್ಪ ತೊದಲಿದ.

"ಹೌದು, ತಿರುಗ್ಲಿಲ್ಲ" ಎಂದ ಗೋಪೀನಾಥ. ಜೇಬಿನಿಂದ ಕೀ ತೆಗೆದು ಬೆಳಕಿಗೆ ಹಿಡಿದ. "ಎರಡು ಗೀರು. ನಿಂದೇ ಅಲ್ವಾ? ಪಂಚಾಕ್ಷರಿ ಯಾವಾಗ್ಲೂ ಹೇಳೋನು. ಹಳೇ ಆನೆಗೆ ಹೊಸ ಡೋರ್ ಲಾಕ್ ಕೀ ಯಾಕಪ್ಪಾ ಕಟ್ದೆ?"

"ಗುಜರೀದು, ಸಾರ್."

"ಗುಜರೀದಾ?" ರಿಬ್ಬನ್ನನ್ನು ಬೆರಳಿಗೆ ಸುತ್ತಿಕೊಂಡ. "ನನ್ ಮಗಳೂ ಸ್ಕೂಲಿಗೆ ಇದೇ ಥರದ್ದು ಕಟ್ಕೊಂಡು ಹೋಗೋಳು. ಎರಡು ವರ್ಷ ಆಯ್ತು ಅವಳ ಮುಖ ನೋಡಿ."

ಗೂಳಪ್ಪ ಟೀ ಲೋಟವನ್ನು ನೆಲಕ್ಕಿಟ್ಟ. ಕೈ ಚಾಚಿದ. ಗೋಪೀನಾಥ ಆ ಕೈಯನ್ನು ನೋಡಿದ, ಮುಖವನ್ನು ನೋಡಿದ, ಸಮಾಧಾನವಾಗಿ ಕೀಯನ್ನು ಮತ್ತೆ ಜೇಬಿಗೆ ಹಾಕಿಕೊಂಡ.

"ಗುಜರೀದು ಅಂದ್ಮೇಲೆ ಇರ್ಲಿ ಬಿಡು. ನೆನಪಿಗೆ."

ಅಲ್ಲಿಂದ ಹೇಗೆ ಗಾಡಿ ಹತ್ತಿದನೋ. ದಾರಿಯಲ್ಲಿ ಪೆಟ್ಟಿಗೆಯಿಂದ ಒಂದು ಹೊಸ ಲಾಕ್ ಎತ್ತಿಕೊಂಡು ನೇರ ನಾಗರಬಾವಿಯ ಮೆಡಿಕಲ್ ಸ್ಟೋರಿಗೆ ಹೋಗಿ ಪಂಕಜಾಳನ್ನು ಹೊರಗೆ ಕರೆದ. ಕಾಲೇಜು ಹುಡುಗರು ಗುಂಪಾಗಿ ಹಾದುಹೋಗುತ್ತಿದ್ದರು. ಅವರು ದಾಟುವ ತನಕ ಕಾದ.

"ಅಕ್ಕಾರ, ತಪ್ಪಾಗೇತಿ ನನ್ನಿಂದ. ನಿಮ್ಮನಿ ಕೀಲಿಕೈ ಗೋಪೀನಾಥನ ಕಡೆ ಐತಿ."

ಪಂಕಜಾ ಅಂಗಡಿಯ ಮೆಟ್ಟಿಲ ಮೇಲೆ ಕೂತು ಮುರಿದು ಕೂಡಿದ್ದ ಮೊಣಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಳು. ಎಲ್ಲಿ ಇದ್ದೀನಿ ಅಂತ ಅವನಿಗೆ ಗೊತ್ತಾ ಎಂದು ಕೇಳಿದಳು. ಗೊತ್ತಿಲ್ಲ ಎಂದ ಗೂಳಪ್ಪ. ಸುಮಾ ಸ್ಕೂಲು ಬಿಡುವುದು ನಾಲ್ಕಕ್ಕೆ, ಇವಳು ಮನೆಗೆ ಬರುವುದು ಏಳಕ್ಕೆ. ನಡುವಿನ ಮೂರು ಗಂಟೆ ಹುಡುಗಿ ಒಬ್ಬಳೇ. ಅವಳು ಗಡಿಯಾರ ನೋಡಿದಳು. ಗೂಳಪ್ಪನಿಗೆ ಅರ್ಥವಾಯಿತು.

ರಜೆ ಹೇಳಿ ಅವಳು ಆಟೋದಲ್ಲಿ ಬಂದಳು, ಗೂಳಪ್ಪ ಮೊಪೆಡ್ಡಿನಲ್ಲಿ ಮುಂದೆ ಬಂದ. ಮುಕ್ಕಾಲು ಗಂಟೆಯಲ್ಲಿ ಹಳೆಯ ಲಾಕ್ ಬಿಚ್ಚಿ ಹೊಸದು ಕೂರಿಸಿದ. ಮೂರು ಕೀಯನ್ನೂ ಅವಳ ಅಂಗೈಗೆ ಹಾಕಿದ. ಕೊನೆಯ ಸ್ಕ್ರೂ ಬಿಗಿಯುವಾಗ ಯಾಕೋ ತಿರುಗಿ ನೋಡಿದ. ಬೀದಿಯ ತುದಿಯಲ್ಲಿ ಬಿಳಿ ಸ್ಕೂಟರ್ ಒಂದು ನಿಂತಿತ್ತು. ಅದರ ಮೇಲೆ ಹೆಲ್ಮೆಟ್ ಹಾಕಿದವನೊಬ್ಬ ಫೋನು ನೋಡುತ್ತ ಕೂತಿದ್ದ. ಇಂಥದ್ದೇ ಸ್ಕೂಟರು ಬಾಪೂಜಿ ನಗರದ ಅಂಗಡಿ ಮುಂದೆಯೂ ಇದ್ದ ಹಾಗೆ ಅನ್ನಿಸಿತು. ಬಿಳಿ ಸ್ಕೂಟರು ಊರಲ್ಲಿ ಎಷ್ಟಿಲ್ಲ? ಗೂಳಪ್ಪ ಎದ್ದು ಎರಡು ಹೆಜ್ಜೆ ಇಟ್ಟ. ಸ್ಕೂಟರು ತಿರುಗಿಸಿಕೊಂಡು ಹೋಯಿತು.

ಪಂಚಾಕ್ಷರಿ ಎರಡು ವರ್ಷ ಮುಚ್ಚಿಟ್ಟ ಮನೆಯನ್ನು ತಾನೇ ಮುಂದೆ ಮುಂದೆ ಹೋಗಿ ತೋರಿಸಿಕೊಟ್ಟೆನೇನೋ ಎಂಬ ಯೋಚನೆ ಬಂತು. ಈ ಸಲ ಅದನ್ನು ನುಂಗಲಿಲ್ಲ. ಪಂಕಜಾಳಿಗೆ ಹೇಳಿದ. ಸ್ಕೂಲು ಬಿಟ್ಟ ಮೇಲೆ ಸುಮಾ ಶಿವಕ್ಕನ ಮನೆಯಲ್ಲಿ ಇರುವುದು ಎಂದಾಯಿತು.

ಮೂರನೆಯ ದಿನ ಸಂಜೆ ಪಂಕಜಾ ಕೆಲಸದಿಂದ ಬಂದು ಬಾಗಿಲಿಗೆ ಕೀ ಹಾಕಿದರೆ ಒಳಗೆ ಹೋಗಲಿಲ್ಲ. ಗೂಳಪ್ಪನಿಗೆ ಫೋನು ಬಂತು. ಹೋಗಿ ನೋಡಿದ. ಹೊಸ ಲಾಕಿನ ಬಾಯಲ್ಲಿ ಯಾವುದೋ ಕೀ ಮುರಿದು ಸಿಕ್ಕಿಕೊಂಡಿತ್ತು. ಅದೇ ಕಂಪನಿಯ ಲಾಕು, ಹಳೆಯ ಕೀ ಒಳಗೇನೋ ಹೋಗಿದೆ, ತಿರುಗಿಲ್ಲ. ತಿರುಗಲಿಲ್ಲ ಎಂದು ಬಲ ಹಾಕಿದ್ದಾನೆ, ಹಿತ್ತಾಳೆ ತುಂಡಾಗಿದೆ. ಕಾಲೊರೆಸಿನ ಪಕ್ಕದಲ್ಲಿ ಕೀಯ ತಲೆ ಬಿದ್ದಿತ್ತು, ಹಸಿರು ರಿಬ್ಬನ್ನಿನ ಸಮೇತ. ಗೂಳಪ್ಪ ಅದನ್ನು ತಿರುಗಿಸಿ ನೋಡಿದ. ಎರಡು ಗೀರು.

ಮುರಿದ ತಲೆಯನ್ನು ರಿಬ್ಬನ್ನಿನ ಸಮೇತ ಅಂಗಿ ಜೇಬಿಗೆ ಹಾಕಿಕೊಂಡ.

ಠಾಣೆಗೆ ಹೋಗೋಣ ಎಂದು ಮೊದಲು ಅಂದವನು ಗೂಳಪ್ಪನೇ. ದಾರಿಯುದ್ದಕ್ಕೂ ಅಂಗಿ ಜೇಬನ್ನು ಮುಟ್ಟಿ ನೋಡಿಕೊಂಡ. ಪಂಕಜಾ ಗಂಡನ ಮೇಲೆ ಹಿಂದೆ ಕೊಟ್ಟಿದ್ದ ಕಂಪ್ಲೇಂಟಿನ ಕಾಗದ ಅವಳ ಬ್ಯಾಗಿನಲ್ಲಿತ್ತು. ಹೆಂಗಸು ಇನ್‌ಸ್ಪೆಕ್ಟರು ಅದನ್ನು ಓದಿ, ಮುರಿದ ಕೀಯನ್ನು ಮೇಜಿನ ಮೇಲಿಟ್ಟು, ಇದನ್ನು ಮಾಡಿದ್ದು ಯಾರು ಎಂದು ಕೇಳಿದರು. ಪಕ್ಕದಲ್ಲಿ ನಿಂತಿದ್ದ ಪೇದೆ ಗೂಳಪ್ಪನ ಕರಿ ಹಿಡಿದ ಬೆರಳುಗಳನ್ನೇ ನೋಡುತ್ತಿದ್ದ.

"ನಾನ್ರಿ" ಎಂದ ಗೂಳಪ್ಪ. "ಕಟ್ಟಿಕೊಟ್ಟಾಂವನೂ ನಾನ."

ಹೇಗೆ ಎಂದರು. ಪಂಚಾಕ್ಷರಿಯವರಿಂದ ಶುರು ಮಾಡಿದ. ಬೀಗದ ಗೋಡೆ, ಸೋದರಮಾವನ ಮಾತು, ಆನೆ, ಫೋಟೋ, ಟೀ, ಬಿಳಿ ಸ್ಕೂಟರು. ಇಪ್ಪತ್ತೆರಡು ವರ್ಷದಲ್ಲಿ ಅವನು ಒಂದೇ ಸಲಕ್ಕೆ ಅಷ್ಟು ಮಾತಾಡಿರಲಿಲ್ಲ. ನಡುವೆ ಎರಡು ಸಲ ನೀರು ಕೇಳಿದ. ಕೂರಿಸಿಕೊಳ್ಳುತ್ತಾರೆ ಎಂದು ಕಾದ. ಬರೆದುಕೊಂಡು ಹೆಬ್ಬೆಟ್ಟು ಹಾಕಿಸಿ, ಕರೆದಾಗ ಬರಬೇಕು ಎಂದು ಕಳಿಸಿದರು.

ಗೋಪೀನಾಥನನ್ನು ಕರೆಸಿದರು. ಆ ದಿನ ತಾನು ಅಂಗಡಿ ಬಿಟ್ಟು ಅಲ್ಲಾಡಿಲ್ಲ, ಕೀ ಎಲ್ಲೋ ಬಿದ್ದುಹೋಗಿತ್ತು ಎಂದನಂತೆ. ಕೇಸು ನಡೆಯುತ್ತಿದೆ. ಅವನು ಹೊರಗಿದ್ದಾನೆ.

ಮಿಕ್ಕ ಬೀಗಗಳಿಗೂ ಕೈಗೆ ಸಿಕ್ಕ ಕೀ ಕಟ್ಟಿದ ಸುದ್ದಿ ಬೀದಿಗೆ ತಿಳಿಯಿತು. ಗೂಳಪ್ಪನೇ ಹೇಳಿದ. ಕೆಲವರು ಅವನ ಹತ್ತಿರ ಕೀ ಮಾಡಿಸುವುದನ್ನು ಬಿಟ್ಟರು. ಅವನು ಹೊಂಗೆ ಮರದ ನೆರಳು ಬಿಟ್ಟು ಪೆಟ್ಟಿಗೆಯನ್ನು ಪಂಕಜಾಳ ಗೇಟು ಕಾಣುವ ತಿರುವಿಗೆ ತಂದ, ಟ್ರಾನ್ಸ್‌ಫಾರ್ಮರಿನ ಪಕ್ಕಕ್ಕೆ. ಅಲ್ಲಿ ಬಿಸಿಲು, ಗಿರಾಕಿ ಕಮ್ಮಿ. ಬಣ್ಣದ ಡಬ್ಬವನ್ನೂ ತಂದು ಪಕ್ಕದಲ್ಲಿ ಬೋರಲು ಹಾಕಿದ.

ಮೊನ್ನೆ ನಾಲ್ಕೂವರೆಯ ಹೊತ್ತು. ಸುಮಾ ಪುಸ್ತಕ ತಗೊಳ್ಳಲು ಮನೆಗೆ ಬಂದು ಒಳಗಿದ್ದಳು. ಹೆಲ್ಮೆಟ್ ಹಾಕಿದವನೊಬ್ಬ ಸ್ಕೂಟರ್ ನಿಲ್ಲಿಸಿ ಗೇಟಿನ ಚಿಲಕಕ್ಕೆ ಕೈಹಾಕಿದ. ಬೆನ್ನು ಈ ಕಡೆಗಿತ್ತು, ಮುಖ ಕಾಣಲಿಲ್ಲ. ಗೂಳಪ್ಪ ದೊಡ್ಡ ಅರವನ್ನು ಹಿಡಿದು ಎದ್ದ. ಬಂದ ಮಾತು ತನ್ನ ಊರಿನದೂ ಅಲ್ಲ, ತನ್ನದೂ ಅಲ್ಲ.

"ಏನಪ್ಪಾ, ಯಾರ್ ಮನೆಗೆ?"

ಅವನು ತಿರುಗಿದ. ಮೀಸೆ ಚಿಗುರುತ್ತಿದ್ದ ಹುಡುಗ, ಕೈಯಲ್ಲಿ ಪಾರ್ಸಲ್. ಮೇಲಿನ ಮನೆಗೆ ಅಣ್ಣಾ ಎಂದ. ಹೆಸರು ಕೇಳಿದ ಗೂಳಪ್ಪ. ವೀರೇಶ. ಊರು ಕೇಳಿದ. ಸಿಂಧನೂರು. ಸಿಂಧನೂರಿನಲ್ಲಿ ತನಗೆ ಗೊತ್ತಿದ್ದ ಒಬ್ಬರ ಹೆಸರನ್ನು ನೆನಪು ಮಾಡಿಕೊಂಡು ಹೇಳಿದ. ಹುಡುಗ ನಕ್ಕು ಪಾರ್ಸಲ್ ಕೊಟ್ಟು ಹೋದ. ಅವನ ಗಾಡಿ ತಿರುವು ದಾಟುವ ಹೊತ್ತಿಗೆ ಬೀದಿಯ ಆ ತುದಿಯಲ್ಲಿ ಇನ್ನೊಂದು ಗಾಡಿಯ ಸದ್ದು ಕೇಳಿಸಿತು. ಗೂಳಪ್ಪ ಕೂರಲಿಲ್ಲ.